ಹಡಗಿನ ಮುಖ

ಕಾಳಿ ನದಿಯು ಸಹ್ಯಾದ್ರಿಯ ಕಾಡುಗಳನ್ನು ದಾಟಿ ಬಂದು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಉತ್ತರ ದಂಡೆಯಲ್ಲಿ ಸದಾಶಿವಗಡದ ಗುಡ್ಡವಿದೆ. ಸೋದೆಯ ಅರಸ ಬಸವಲಿಂಗನು ತನ್ನ ತಂದೆ ಸದಾಶಿವಲಿಂಗನ ನೆನಪಿಗಾಗಿ ಇಲ್ಲಿಯ ಕೋಟೆಗೆ ಈ ಹೆಸರನ್ನಿಟ್ಟನೆಂದು ಹೇಳುತ್ತಾರೆ. ಕೋಟೆಯಲ್ಲಿ ಈಗ ಉಳಿದಿರುವುದು ಅವಶೇಷಗಳು ಮಾತ್ರ. ಆದರೆ ಗುಡ್ಡದ ನೆತ್ತಿಯಿಂದ ಕಾಣುವ ನೋಟಕ್ಕೆ ಮುಪ್ಪು ಬಂದಿಲ್ಲ. ಕೆಳಗೆ ನದಿ, ಆಚೆಯ ದಂಡೆಯಲ್ಲಿ ಕಾರವಾರ, ಎದುರಿಗೆ ನಡುಗಡ್ಡೆಗಳನ್ನು ಮಡಿಲಲ್ಲಿರಿಸಿಕೊಂಡ ಕಡಲು. ಕೋಟೆ ಜೀವಂತವಾಗಿದ್ದ ಕಾಲದಲ್ಲಿ ಇಲ್ಲಿ ನಿಂತ ಕಾವಲುಗಾರನಿಗೆ, ಬರುತ್ತಿರುವ ಹಡಗು ಮಿತ್ರರದೋ ಶತ್ರುಗಳದೋ ಎಂದು ಗುರುತಿಸುವುದೇ ಮುಖ್ಯ ಕೆಲಸವಾಗಿದ್ದಿರಬೇಕು. ದೂರದಿಂದ ಅವನಿಗೆ ಕಾಣುತ್ತಿದ್ದುದು ಹಾಯಿ. ಹತ್ತಿರ ಬಂದಾಗ ಕಾಣುತ್ತಿದ್ದುದು ಹಡಗಿನ ಮುಖ.

ಹಡಗಿಗೆ ಮುಖವೆಂಬುದುಂಟೆ? ಉಂಟು. ಮನುಷ್ಯನು ಕಡಲಿಗಿಳಿದ ಕಾಲದಿಂದಲೂ ತನ್ನ ಹಡಗನ್ನು ಬರಿಯ ಮರದ ರಾಶಿಯೆಂದು ಭಾವಿಸಿದವನಲ್ಲ. ಅದು ದಾರಿಯನ್ನು ನೋಡಬೇಕು, ಅಲೆಯನ್ನು ಎದುರಿಸಬೇಕು, ತನ್ನನ್ನು ಮನೆಗೆ ಮರಳಿ ಕರೆತರಬೇಕು. ಆದುದರಿಂದ ಕೆಲವು ನಾಡುಗಳ ನಾವಿಕರು ಹಡಗಿನ ಮುಂಭಾಗದಲ್ಲಿ ಎರಡು ಕಣ್ಣುಗಳನ್ನು ಬರೆದರು. ಕೆಲವರು ಅದರ ಮುಂತುದಿಗೆ ಸಿಂಹವನ್ನೋ ಸರ್ಪವನ್ನೋ ಮನುಷ್ಯನ ಆಕೃತಿಯನ್ನೋ ಮರದಲ್ಲಿ ಕೆತ್ತಿ ನಿಲ್ಲಿಸಿದರು. ಹಡಗಿನ ಈ ಮುಖಮೂರ್ತಿಯು ನೀರನ್ನು ಸೀಳುವುದಿಲ್ಲ, ಗಾಳಿಯನ್ನು ಹಿಡಿಯುವುದಿಲ್ಲ, ಭಾರವನ್ನು ಹೊರುವುದಿಲ್ಲ. ಆದರೂ ಹಡಗನ್ನು ಕಂಡವರು ಬಹುಕಾಲ ನೆನಪಿನಲ್ಲಿಟ್ಟುಕೊಳ್ಳುವುದು ಅದನ್ನೇ.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಇಂಥದೊಂದು ಮುಖಮೂರ್ತಿಯನ್ನು ಹೊತ್ತ ಹಡಗು ಭಾರತದ ನೌಕಾಪಡೆಯನ್ನು ಸೇರಿತು. ಅದರ ಹೆಸರು ‘ಕೌಂಡಿನ್ಯ’. ಭಾರತದಿಂದ ಕಡಲನ್ನು ದಾಟಿ ಆಗ್ನೇಯ ಏಷ್ಯಾಕ್ಕೆ ಹೋದನೆಂದು ಐತಿಹ್ಯ ಹೇಳುವ ನಾವಿಕನ ಹೆಸರು ಅದು. ಉಕ್ಕಿನ ಯುದ್ಧನೌಕೆಗಳ ನಡುವೆ ನಿಂತ ಈ ಮರದ ಹಡಗಿಗೆ ಯಂತ್ರವಿಲ್ಲ. ಹಲಗೆಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸಿರುವುದು ಮೊಳೆಗಳಲ್ಲ, ತೆಂಗಿನ ನಾರಿನ ಹಗ್ಗ. ಬಟ್ಟೆಯನ್ನು ಹೊಲಿಯುವಂತೆ ಹಲಗೆಗಳನ್ನು ಹೊಲಿದು, ಸಂದುಗಳನ್ನು ನಾರು ಮತ್ತು ರಾಳದಿಂದ ಮುಚ್ಚಿದ್ದಾರೆ. ಕೇರಳದ ಹಿರಿಯ ನೌಕಾಶಿಲ್ಪಿ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕುಶಲ ಕೆಲಸಗಾರರು ಇದನ್ನು ಕಟ್ಟಿದರು. 2023ರ ಸೆಪ್ಟೆಂಬರ್ 12ರಂದು ಅಡಿಮರವನ್ನು ಇಟ್ಟ ಈ ಹಡಗು 2025ರ ಫೆಬ್ರವರಿಯಲ್ಲಿ ಗೋವೆಯಲ್ಲಿ ನೀರಿಗಿಳಿಯಿತು. ಇದರ ಉದ್ದ 19.6 ಮೀಟರ್, ಅಗಲ 6.5 ಮೀಟರ್. ಹಾಯಿಗಳ ಮೇಲೆ ಗಂಡಭೇರುಂಡ ಮತ್ತು ಸೂರ್ಯ. ಅಟ್ಟದ ಮೇಲೆ ಹರಪ್ಪಾ ಶೈಲಿಯ ಕಲ್ಲಿನ ಲಂಗರು. ಮುಂತುದಿಯಲ್ಲಿ ಸಿಂಹಯಾಳಿಯ ಮೂರ್ತಿ.

ಸದಾಶಿವಗಡದ ಹುಡುಗನೊಬ್ಬನು ಶಾಲೆಯ ವಸ್ತುಪ್ರದರ್ಶನಕ್ಕಾಗಿ ಈ ಹಡಗಿನ ಪುಟ್ಟ ಮಾದರಿಯೊಂದನ್ನು ಮಾಡಹೊರಟನೆಂದು ಭಾವಿಸೋಣ. ಅವನ ಅಜ್ಜ ದೋಣಿ ಕಟ್ಟುವ ಬಡಗಿ. ಹುಡುಗನು ಲೆಕ್ಕ ಹಾಕಿದನು: ಇಪ್ಪತ್ತರಲ್ಲಿ ಒಂದು ಭಾಗದ ಅಳತೆಗೆ ಇಳಿಸಿದರೆ ಉದ್ದ 98 ಸೆಂಟಿಮೀಟರ್, ಅಗಲ 32.5 ಸೆಂಟಿಮೀಟರ್. ಮೇಜಿನ ಮೇಲೆ ಸುಖವಾಗಿ ಕೂಡುವ ಹಡಗು. ಒಡಲು ಸಿದ್ಧವಾಯಿತು, ಹಾಯಿ ಏರಿತು. ಉಳಿದುದು ಮುಂತುದಿಯ ಮೂರ್ತಿ.

“ಅಜ್ಜಾ, ಸಿಂಹವನ್ನು ಹೇಗೆ ಕೆತ್ತಲಿ?” ಎಂದು ಹುಡುಗನು ಕೇಳಿದನು.

“ಯಾವ ಸಿಂಹವನ್ನು, ತಮ್ಮಾ?” ಎಂದು ಅಜ್ಜನು ಮರುಪ್ರಶ್ನೆ ಹಾಕಿದನು.

ಹುಡುಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸಿಂಹವೆಂದರೆ ಸಿಂಹವಲ್ಲವೆ? ಅಲ್ಲ. ಹಂಪೆಯ ಕಂಬದ ಮೇಲಿನ ಸಿಂಹ ಒಂದು ಬಗೆ, ನಾಣ್ಯದ ಮೇಲಿನ ಸಿಂಹ ಮತ್ತೊಂದು ಬಗೆ. ಒಂದೂವರೆ ಸಾವಿರ ವರ್ಷಗಳ ಹಿಂದೆ ಕಡಲಿನಲ್ಲಿ ಓಡಾಡಿದ ಹಡಗಿನ ಮೇಲೆ ಸಿಂಹವಿತ್ತೆ, ಇದ್ದರೆ ಅದು ಹೇಗಿತ್ತು ಎಂಬುದು ಬೇರೆಯೇ ಮಾತು. ಅಜ್ಜನ ಚಿಕ್ಕ ಪ್ರಶ್ನೆ ಹುಡುಗನನ್ನು ಉಳಿಯ ಬಳಿಯಿಂದ ಎಬ್ಬಿಸಿ ಪುಸ್ತಕಗಳ ಬಳಿಗೆ ಕಳುಹಿಸಿತು.

ಈ ಹಡಗಿನ ಮೂಲ ಅಜಂತೆಯಲ್ಲಿದೆ. ಅಲ್ಲಿಯ ಎರಡನೆಯ ಗುಹೆಯ ಗೋಡೆಯ ಮೇಲೆ ಕ್ರಿಸ್ತಶಕ 5ನೆಯ ಶತಮಾನದ್ದೆಂದು ಹೇಳುವ ಹಡಗಿನ ಚಿತ್ರವೊಂದಿದೆ. ಅದಕ್ಕೆ ಮೂರು ಹಾಯಿಕಂಬಗಳು; ಎತ್ತರವಾಗಿ ಏರಿದ ಎರಡು ತುದಿಗಳು; ದಾರಿ ತಿರುಗಿಸಲು ಹುಟ್ಟು; ಸಾಲಾಗಿ ಇಟ್ಟ ಜಾಡಿಗಳು. ಹಡಗಿನ ಮುಂಭಾಗದಲ್ಲಿ ನಮ್ಮ ಗಮನವನ್ನು ಸೆಳೆಯುವುದು ಅಲ್ಲಿ ಬರೆದಿರುವ ಕಣ್ಣು. ಚಿತ್ರಕಾರನು ಕಡಲಿನಿಂದ ಬಹುದೂರದ ಬೆಟ್ಟದಲ್ಲಿ ಕುಳಿತು ಕಥೆಯೊಂದಕ್ಕಾಗಿ ಇದನ್ನು ಬರೆದನೇ ಹೊರತು ಬಡಗಿಗೆ ನಕ್ಷೆಯೆಂದು ಬರೆಯಲಿಲ್ಲ. ಗೋಡೆಯ ಚಿತ್ರಕ್ಕೆ ಉದ್ದ ಎತ್ತರಗಳುಂಟು. ಹಡಗು ಎಷ್ಟು ಅಗಲ, ನೀರಿನೊಳಗೆ ಎಷ್ಟು ಆಳ ಎಂಬುದನ್ನು ಅದು ಹೇಳಲಾರದು.

ಹಾಗಾದರೆ ‘ಕೌಂಡಿನ್ಯ’ವನ್ನು ಕಟ್ಟಿದವರು ಏನು ಮಾಡಿದರು? ಆ ಕಾಲದ ಹಡಗಿನ ನಕ್ಷೆಯೊಂದೂ ಉಳಿದಿರಲಿಲ್ಲ. ಚಿತ್ರದಿಂದ ತಿಳಿಯುವಷ್ಟನ್ನು ತಿಳಿದು, ಉಳಿದುದನ್ನು ಅವರು ತರ್ಕದಿಂದ ಊಹಿಸಿದರು. ಆದರೆ ಊಹೆಯನ್ನು ಊಹೆಯಾಗಿಯೇ ಬಿಡಲಿಲ್ಲ. ಐ.ಐ.ಟಿ. ಮದ್ರಾಸ್‌ನ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಹಡಗಿನ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿದರು. ದೊಡ್ಡ ಹಡಗಿಗಿಂತ ಮುಂಚೆ ಹುಟ್ಟಿದುದು ಪುಟ್ಟ ಹಡಗೇ ಎಂಬುದನ್ನು ಓದಿದಾಗ ಸದಾಶಿವಗಡದ ಹುಡುಗನಿಗೆ ಹಿಗ್ಗಾಯಿತು.

ಹಡಗಿನ ಒಡಲಿಗೆ ಹೀಗೆ ಪರೀಕ್ಷೆಯುಂಟು. ಅಗಲ ಕಡಿಮೆಯಾದರೆ ಅದು ಮಗುಚುತ್ತದೆ. ಹೊಲಿಗೆ ಸಡಿಲವಾದರೆ ನೀರು ಒಳನುಗ್ಗುತ್ತದೆ. ಮುಖಮೂರ್ತಿಗೆ ಯಾವ ಪರೀಕ್ಷೆ? ಸಿಂಹದ ಬದಲು ಆನೆಯನ್ನಿಟ್ಟರೂ ಹಡಗು ಮುಂದೆ ಸಾಗುತ್ತದೆ. ಹುಡುಗನು ಈ ಸಂಶಯವನ್ನು ಹೇಳಿದಾಗ ಅಜ್ಜನು ಕೆಲಸ ನಿಲ್ಲಿಸಿ ನುಡಿದನು:

“ಹಲಗೆಯಲ್ಲಿ ತಪ್ಪಿದ್ದರೆ ಕಡಲು ಹೇಳುತ್ತದೆ, ತಮ್ಮಾ. ಸಿಂಹದಲ್ಲಿ ತಪ್ಪಿದ್ದರೆ ಹೇಳುವವರು ಯಾರು? ಕೆತ್ತಿದವನೇ ಹೇಳಬೇಕು.”

ಹುಡುಗನು ಹುಡುಕಾಟವನ್ನು ಮುಂದುವರಿಸಿದನು. ಶಾತವಾಹನರ ಅರಸ ಯಜ್ಞಶ್ರೀ ಸಾತಕರ್ಣಿಯ ನಾಣ್ಯಗಳ ಮೇಲೆ ಎರಡು ಹಾಯಿಕಂಬಗಳ ಹಡಗಿನ ಚಿತ್ರವಿದೆ. ಅವು 2ನೆಯ ಶತಮಾನದವು. ಹಡಗು ಇತ್ತೆಂಬುದಕ್ಕೆ ಅವು ಗಟ್ಟಿಯಾದ ಸಾಕ್ಷಿ. ಆದರೆ ಬೆರಳ ತುದಿಯಗಲದ ಲೋಹದಲ್ಲಿ ಮೂರ್ತಿಯ ವಿವರವನ್ನು ನಿರೀಕ್ಷಿಸಲಾಗದು. ಮಾತಿನಲ್ಲಿ ದೊರೆಯುವ ಸಾಕ್ಷ್ಯ ಇನ್ನೂ ಸ್ವಾರಸ್ಯಕರವಾದುದು. ಧಾರಾನಗರದ ಭೋಜರಾಜನದೆಂದು ಹೇಳಲಾಗುವ ‘ಯುಕ್ತಿಕಲ್ಪತರು’ ಎಂಬ ಸಂಸ್ಕೃತ ಗ್ರಂಥವು ಹಡಗುಗಳ ಅಲಂಕಾರವನ್ನು ವಿವರಿಸುತ್ತ, ಮುಂತುದಿಗೆ ಎಂಟು ಬಗೆಯ ಮುಖಗಳನ್ನು ಹೆಸರಿಸುತ್ತದೆ: ಸಿಂಹ, ಕೋಣ, ಸರ್ಪ, ಆನೆ, ಹುಲಿ, ಹಕ್ಕಿ, ಕಪ್ಪೆ ಮತ್ತು ಮನುಷ್ಯ. ಕಡಲಿನ ಹಡಗಿಗೆ ಕಬ್ಬಿಣವನ್ನು ಬಳಸಬಾರದು, ನೀರಿನಲ್ಲಿರುವ ಅಯಸ್ಕಾಂತ ಶಿಲೆಗಳು ಅದನ್ನು ಎಳೆದುಕೊಳ್ಳುತ್ತವೆ ಎಂದೂ ಆ ಗ್ರಂಥ ಎಚ್ಚರಿಸುತ್ತದೆ. ಅಯಸ್ಕಾಂತದ ಮಾತು ಇಂದು ಕಥೆಯಂತೆ ತೋರಿದರೂ, ಹಗ್ಗದಿಂದ ಹೊಲಿದ ಹಡಗುಗಳ ಪರಂಪರೆ ಅದರ ಹಿಂದೆ ಕಾಣುತ್ತದೆ. ಎಂಟು ಮುಖಗಳ ಪಟ್ಟಿಯಲ್ಲಿ ಮೊದಲನೆಯದೇ ಸಿಂಹ!

ಹುಡುಗನು ಓಡಿಬಂದು ಇದನ್ನು ಅಜ್ಜನಿಗೆ ಹೇಳಬೇಕೆಂದುಕೊಂಡನು. ಅಷ್ಟರಲ್ಲಿ ಕಾಲದ ಲೆಕ್ಕ ನೆನಪಿಗೆ ಬಂತು. ಭೋಜನು 11ನೆಯ ಶತಮಾನದವನು. ಅಜಂತೆಯ ಚಿತ್ರಕ್ಕೂ ಅವನಿಗೂ ನಡುವೆ ಐದಾರು ನೂರು ವರ್ಷಗಳ ಅಂತರ. ಮೊಮ್ಮಗನ ಅಂಗಿಯನ್ನು ನೋಡಿ ಮುತ್ತಜ್ಜನೂ ಅಂಥದೇ ತೊಟ್ಟಿದ್ದನೆಂದು ಹೇಳಬಹುದೆ? ಭಾರತದ ಹಡಗುಗಳಿಗೆ ಪ್ರಾಣಿಗಳ ಮುಖಗಳನ್ನಿಡುವ ಪದ್ಧತಿ ತಿಳಿದಿತ್ತು ಎಂಬುದಷ್ಟನ್ನು ಆ ಗ್ರಂಥ ತೋರಿಸಿಕೊಡುತ್ತದೆ. ಅಜಂತೆಯ ಹಡಗಿಗೆ ಸಿಂಹವಿತ್ತೆಂದು ಅದು ಸಾಕ್ಷಿ ನುಡಿಯುವುದಿಲ್ಲ.

ಯಾಳಿಯ ವಿಚಾರವೂ ಹೀಗೆಯೇ. ದೇವಾಲಯಗಳ ಕಂಬಗಳ ಮೇಲೆ ಹಿಂಗಾಲುಗಳಲ್ಲಿ ಎದ್ದು ನಿಂತ, ಸಿಂಹದ ಮೈಯ ಆ ಕಾಲ್ಪನಿಕ ಮೃಗವನ್ನು ಕನ್ನಡಿಗರೆಲ್ಲರೂ ಬಲ್ಲರು. ಹಂಪೆಯ ವಿಠ್ಠಲ ದೇವಾಲಯದಲ್ಲಿ ಅದರ ವೈಭವವನ್ನು ಕಾಣಬಹುದು. ಆದರೆ ಆ ಕಂಬಗಳು 16ನೆಯ ಶತಮಾನದವು. ಅಲ್ಲಿಯ ಯಾಳಿಯನ್ನು ಇದ್ದಕ್ಕಿದ್ದಂತೆ 5ನೆಯ ಶತಮಾನದ ಹಡಗಿನ ಮೇಲೆ ಏರಿಸಿದರೆ ಸಾವಿರ ವರ್ಷಗಳನ್ನು ಒಂದೇ ನೆಗೆತದಲ್ಲಿ ದಾಟಿದಂತಾಗುತ್ತದೆ. ಇದಕ್ಕಿಂತ ಹತ್ತಿರದ ಸಿಂಹವೊಂದು ಉತ್ತರ ಕನ್ನಡದಲ್ಲಿಯೇ ಉಂಟು. ಅದು ಬನವಾಸಿಯ ಕದಂಬರ ಲಾಂಛನ. ಕದಂಬರು ಬನವಾಸಿಯಲ್ಲಿ ಆಳುತ್ತಿದ್ದುದು 5ನೆಯ ಶತಮಾನದಲ್ಲಿಯೇ. ಮುಂದೆ ಗೋವೆಯ ಕದಂಬರ ಚಿನ್ನದ ನಾಣ್ಯಗಳ ಮೇಲೆಯೂ ಸಿಂಹ ಮೆರೆಯಿತು. ಕಾರವಾರದ ನೌಕಾನೆಲೆಯ ಹೆಸರೂ ‘ಕದಂಬ’. ಕಾಲ, ನಾಡು, ಹೆಸರು ಮೂರೂ ಕೂಡಿಬಂದಾಗ ಸಿಂಹದ ಆಯ್ಕೆ ಅಷ್ಟೇನೂ ಅಪರಿಚಿತವೆನ್ನಿಸುವುದಿಲ್ಲ. ಆದರೂ ಅದು ಆಯ್ಕೆಯೇ ಹೊರತು ಸಾಕ್ಷ್ಯವಲ್ಲ.

ಹಾಯಿಯ ಮೇಲಿನ ಗಂಡಭೇರುಂಡಕ್ಕೂ ತನ್ನದೇ ಆದ ಚರಿತ್ರೆಯುಂಟು. ಇಂದು ಅದು ಕರ್ನಾಟಕ ರಾಜ್ಯದ ಲಾಂಛನದಲ್ಲಿದೆ. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಸ್ತಂಭವು ಕನ್ನಡ ನಾಡಿನಲ್ಲಿ ಅದರ ಪ್ರಸಿದ್ಧ ನೆಲೆ. ಎರಡು ತಲೆಯ ಹಕ್ಕಿಯ ಕಲ್ಪನೆ ಅದಕ್ಕಿಂತ ಬಹು ಹಳೆಯದು. ತಕ್ಷಶಿಲೆಯ ಸಿರ್ಕಪ್‌ನಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಸ್ತೂಪವೊಂದರ ಮೇಲೆ ಅದು ಕೆತ್ತಲ್ಪಟ್ಟಿದೆ. ಇನ್ನು ಹರಪ್ಪಾ ಶೈಲಿಯ ಲಂಗರು? ಹರಪ್ಪಾದ ನಗರಗಳು ಅಜಂತೆಯ ಚಿತ್ರಕ್ಕಿಂತ ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಹಿಂದಿನವು. ಆ ಲಂಗರನ್ನು ‘ಸಾಂಕೇತಿಕ’ವೆಂದೇ ಸರಕಾರದ ಪ್ರಕಟಣೆ ಕರೆದಿದೆ. ಆ ಒಂದು ಮಾತಿನಲ್ಲಿ ಪ್ರಾಮಾಣಿಕತೆಯಿದೆ. ‘ಇದು ಹೀಗೆಯೇ ಇತ್ತು’ ಎನ್ನುವುದಕ್ಕೂ ‘ಇದನ್ನು ನೆನಪಿಗಾಗಿ ಇಟ್ಟಿದ್ದೇವೆ’ ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಈ ವ್ಯತ್ಯಾಸವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಸ್ವೀಡನ್ ದೇಶದ ‘ವಾಸಾ’ ಹಡಗು ಒಳ್ಳೆಯ ಉದಾಹರಣೆ. 1628ರ ಆಗಸ್ಟ್ 10ರಂದು ತನ್ನ ಮೊದಲ ಯಾನದಲ್ಲಿಯೇ, ಒಂದೂವರೆ ಕಿಲೋಮೀಟರನ್ನೂ ಕ್ರಮಿಸದೆ ಅದು ಮುಳುಗಿತು. 333 ವರ್ಷಗಳ ಅನಂತರ, 1961ರಲ್ಲಿ, ಅದನ್ನು ನೀರಿನಿಂದ ಮೇಲೆತ್ತಿದರು. ಅದರ ಮುಂತುದಿಯಲ್ಲಿ ಮೂರು ಮೀಟರಿಗೂ ಉದ್ದವಾದ ಸಿಂಹವೊಂದು ಮುಂದಕ್ಕೆ ಹಾರುವಂತೆ ನಿಂತಿತ್ತು. ಅದರ ನೂರಾರು ಮರದ ಮೂರ್ತಿಗಳು ದೊರೆತರೂ ಬಣ್ಣಗಳು ಅಳಿಸಿಹೋಗಿದ್ದವು. ಮೂರ್ತಿಗಳಿಗೆ ಚಿನ್ನದ ಬಣ್ಣ, ಅವುಗಳ ಹಿನ್ನೆಲೆಗೆ ನೀಲಿ ಬಣ್ಣ ಇದ್ದಿರಬೇಕೆಂದು ಬಹುಕಾಲ ನಂಬಿದ್ದರು. ಚಿತ್ರಗಳಲ್ಲಿ ನೀಲಿ ಬಂತು, ಮಾದರಿ ಹಡಗುಗಳಲ್ಲಿ ನೀಲಿ ಬಂತು. ಮರದಲ್ಲಿ ಉಳಿದ ಬಣ್ಣದ ಕಣಗಳನ್ನು ಪರೀಕ್ಷಿಸಿ, 1990ರ ದಶಕದ ಕೊನೆಯ ಹೊತ್ತಿಗೆ ನಿಜ ತಿಳಿಯಿತು: ಹಿನ್ನೆಲೆ ನೀಲಿಯಲ್ಲ, ಕೆಂಪು; ಮೂರ್ತಿಗಳು ಹಲವು ಗಾಢ ಬಣ್ಣಗಳವು. ಸ್ಟಾಕ್‌ಹೋಮಿನ ಸಂಗ್ರಹಾಲಯದಲ್ಲಿರುವ ಮಾದರಿ ಹಡಗು ಈಗ ಆ ಬಣ್ಣಗಳನ್ನೇ ಧರಿಸಿದೆ. ತಪ್ಪು ಊಹಿಸಿದುದು ಅಪರಾಧವೇನೂ ಅಲ್ಲ. ಆದರೆ ಊಹೆಯು ಒಮ್ಮೆ ಮಾದರಿಯಾಗಿ ನಿಂತರೆ, ನೋಡಿದವರು ಅದನ್ನೇ ನಿಜವೆಂದು ಮನೆಗೆ ಒಯ್ಯುತ್ತಾರೆ.

ಮುಖಮೂರ್ತಿಯು ಇನ್ನೊಂದು ಬಗೆಯಲ್ಲಿಯೂ ದಾರಿ ತಪ್ಪಿಸಬಲ್ಲದು. 1819ರಲ್ಲಿ ಮುಂಬಯಿಯಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಕಟ್ಟಿದ ಯುದ್ಧನೌಕೆಯೊಂದಕ್ಕೆ ‘ಸೆರಿಂಗಪಟಂ’ ಎಂದು ಹೆಸರಿಟ್ಟರು. ಅದು ಇಂಗ್ಲಿಷರ ಬಾಯಲ್ಲಿ ನಮ್ಮ ಶ್ರೀರಂಗಪಟ್ಟಣ. ಆ ಹಡಗಿನ ಮುಖಮೂರ್ತಿ ಇಂಗ್ಲೆಂಡಿನ ಗ್ರೀನಿಚ್‌ನ ಸಂಗ್ರಹಾಲಯದಲ್ಲಿದೆ. ದೊಡ್ಡ ಹಕ್ಕಿಯೊಂದನ್ನು ಏರಿ, ಕೈಯಲ್ಲಿ ಕೊಡೆ ಹಿಡಿದ ಪುರುಷನ ಆಕೃತಿ ಅದು. ಟಿಪ್ಪು ಸುಲ್ತಾನನದೆಂದು ಹೇಳುತ್ತಾರೆ. ಟಿಪ್ಪುವಿನ ಮೆಚ್ಚಿನ ಲಾಂಛನ ಹುಲಿಯೆಂಬುದು ಪ್ರಸಿದ್ಧ. ಈ ಮೂರ್ತಿಯಲ್ಲಿ ಹುಲಿಯ ಬದಲು ಕಥೆಗಳ ಹೆಬ್ಬಕ್ಕಿ ಬಂದಿದೆ. ಟಿಪ್ಪು ಹೇಗಿದ್ದನೆಂದು ತಿಳಿಯಲು ಇದು ಆಧಾರವಾಗಲಾರದು; ಗೆದ್ದವರು ಸೋತವನನ್ನು ಹೇಗೆ ಕಲ್ಪಿಸಿಕೊಂಡರು ಎಂಬುದನ್ನು ತಿಳಿಯಲು ಮಾತ್ರ ಬಹಳ ಒಳ್ಳೆಯ ಆಧಾರ. ಎಲ್ಲ ಮೂರ್ತಿಗಳೂ ಎರಡು ಕಾಲಗಳ ಕಥೆಯನ್ನು ಹೇಳುತ್ತವೆ: ತಾವು ತೋರಿಸುವ ಕಾಲದ್ದೊಂದು, ತಮ್ಮನ್ನು ಕೆತ್ತಿದ ಕಾಲದ್ದೊಂದು.

ಇಷ್ಟನ್ನೆಲ್ಲ ಓದಿ ಹುಡುಗನು ಅಜ್ಜನ ಬಳಿಗೆ ಮರಳಿದನು. ಅವನ ಮುಖ ಬಾಡಿತ್ತು.

“ಅಜ್ಜಾ, ಸಿಂಹಕ್ಕೆ ಪೂರ್ತಿ ಆಧಾರ ಸಿಗಲಿಲ್ಲ. ಹಾಗಾದರೆ ಅದನ್ನು ಬಿಟ್ಟುಬಿಡಲೆ?”

ಅಜ್ಜನು ಮಾದರಿಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದನು. “ನೀನು ಮಾಡುತ್ತಿರುವುದು ಯಾವ ಹಡಗನ್ನು? ಗುಹೆಯ ಗೋಡೆಯ ಮೇಲಿನದನ್ನೋ, ಕಾರವಾರಕ್ಕೆ ಬಂದದ್ದನ್ನೋ?”

ಹುಡುಗನ ಕಣ್ಣು ಅರಳಿತು. ಇಷ್ಟು ದಿನ ಅವನು ಎರಡು ಹಡಗುಗಳನ್ನು ಒಂದೇ ಎಂದು ತಿಳಿದಿದ್ದನು. ‘ಕೌಂಡಿನ್ಯ’ದ ಮಾದರಿಯನ್ನು ಮಾಡುವುದಾದರೆ ಸಿಂಹಯಾಳಿ ಇರಲೇಬೇಕು, ಏಕೆಂದರೆ 2025ರಲ್ಲಿ ಕಾರವಾರದಲ್ಲಿ ನೌಕಾಪಡೆಯನ್ನು ಸೇರಿದ ಆ ಹಡಗಿನ ಮೇಲೆ ಅದು ಇದ್ದುದು ನಿಜ. ಅದನ್ನು ಬಿಟ್ಟರೆ ಮಾದರಿ ಸುಳ್ಳಾಗುತ್ತದೆ. ಅಜಂತೆಯ ಹಡಗಿನ ಮಾದರಿಯನ್ನು ಮಾಡುವುದಾದರೆ ಚಿತ್ರದಲ್ಲಿರುವ ಕಣ್ಣನ್ನು ಬರೆಯಬೇಕು. ಅಲ್ಲಿ ಯಾಳಿಯನ್ನು ನಿಲ್ಲಿಸಿದರೆ ಆ ಮಾದರಿ ಸುಳ್ಳಾಗುತ್ತದೆ. ಒಂದೇ ಸಿಂಹ ಒಂದು ಹಡಗಿನ ಮೇಲೆ ಸತ್ಯ, ಇನ್ನೊಂದರ ಮೇಲೆ ಅಸತ್ಯ.

ಹುಡುಗನು ‘ಕೌಂಡಿನ್ಯ’ವನ್ನೇ ಆರಿಸಿಕೊಂಡನು. ಸಿಂಹಯಾಳಿಯ ಚಿತ್ರಗಳನ್ನು ಮುಂದಿಟ್ಟುಕೊಂಡು, ಮೃದುವಾದ ಮರದ ತುಂಡಿನಲ್ಲಿ ಅದನ್ನು ತಾಳ್ಮೆಯಿಂದ ಕೆತ್ತಿದನು. ಮೊದಲ ಸಿಂಹದ ದವಡೆ ಮುರಿಯಿತು. ಎರಡನೆಯದು ನಾಯಿಯಂತೆ ಕಂಡಿತು. ಮೂರನೆಯದನ್ನು ಅಜ್ಜನು ನಗದೆ ನೋಡಿದನು. ಆ ಬಳಿಕ ಮಾದರಿಯ ಕೆಳಗಿನ ಹಲಗೆಯ ಮೇಲೆ ಹುಡುಗನು ದುಂಡಗಿನ ಅಕ್ಷರಗಳಲ್ಲಿ ಮೂರು ಸಾಲುಗಳನ್ನು ಬರೆದನು: ಹಡಗಿನ ರೂಪಕ್ಕೆ ಅಜಂತೆಯ ಚಿತ್ರ ಆಧಾರ, ಚಿತ್ರ ಹೇಳದ ಅಳತೆಗಳಿಗೆ ಪರೀಕ್ಷೆ ಆಧಾರ, ಸಿಂಹಯಾಳಿ, ಗಂಡಭೇರುಂಡ, ಸೂರ್ಯ, ಕಲ್ಲಿನ ಲಂಗರು ನಮ್ಮ ಕಾಲದವರು ಪರಂಪರೆಯ ನೆನಪಿಗಾಗಿ ಇಟ್ಟವು. ಅಷ್ಟು ಬರೆದುದರಿಂದ ಸಿಂಹದ ಅಂದ ಸ್ವಲ್ಪವೂ ಕುಂದಲಿಲ್ಲ.

ಇತ್ತ ನಿಜವಾದ ‘ಕೌಂಡಿನ್ಯ’ವೂ ತನ್ನ ಪರೀಕ್ಷೆಯನ್ನು ಎದುರಿಸಿತು. 2025ರ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರದಿಂದ ಹೊರಟು, ಗಾಳಿಯೊಂದನ್ನೇ ನಂಬಿ ಅರಬ್ಬೀ ಸಮುದ್ರವನ್ನು ದಾಟಿ, 2026ರ ಜನವರಿ 14ರಂದು ಒಮಾನಿನ ಮಸ್ಕತ್ತನ್ನು ಮುಟ್ಟಿತು. ತೆಂಗಿನ ನಾರಿನ ಹೊಲಿಗೆಗಳು ಗಟ್ಟಿಯಾಗಿವೆಯೆಂದು ಕಡಲು ತೀರ್ಪು ಕೊಟ್ಟಿತು. ಆ ದಾರಿಯುದ್ದಕ್ಕೂ ಮುಂತುದಿಯ ಸಿಂಹ ಎಲ್ಲರಿಗಿಂತ ಮುಂದೆ ನಿಂತು ಅಲೆಗಳ ತುಂತುರಿಗೆ ಮೈಯೊಡ್ಡಿತ್ತು. ಕಡಲು ಅದರ ವಿಷಯದಲ್ಲಿ ಏನನ್ನೂ ಹೇಳಲಿಲ್ಲ. ಅದನ್ನು ಹೇಳುವ ಹೊಣೆಯನ್ನು ಕಡಲು ಮನುಷ್ಯನಿಗೇ ಬಿಟ್ಟಿದೆ.